ಸುಲಭ ಮಾಡಿ, ಸಂಖ್ಯೆ ಬಿಡಬೇಡಿ

ವಿಜ್ಞಾನವನ್ನು ತಜ್ಞರಿಗೆ ಹೇಗೆ, ಜನರಿಗೆ ಹೇಗೆ ಬರೆಯಬೇಕು ಎಂಬ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಅದರಲ್ಲಿನ ‘ತಜ್ಞರಿಗೆ ಅಂಕಿಅಂಶ, ಜನರಿಗೆ ಕಥೆ’ ಎಂಬ ಮಾತು ಮಾತ್ರ ಒಪ್ಪಿಗೆಯಾಗಲಿಲ್ಲ. ಜನ ಸಂಖ್ಯೆಗೆ ಹೆದರುವುದಿಲ್ಲ, ಅರ್ಧಂಬರ್ಧ ಸಂಖ್ಯೆಗೆ ಹೆದರುತ್ತಾರೆ.

1995ರಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ನೋಡಿ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅಂತ ಎಚ್ಚರಿಕೆ ಬಂತು. ಸುದ್ದಿ ಸುಳ್ಳಲ್ಲ. ಆದರೆ ಯಾವುದರ ದುಪ್ಪಟ್ಟು? ಸುಮಾರು 7000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗಬಹುದು, ಅಷ್ಟೇ. ಆ ‘7000ದಲ್ಲಿ’ ಅನ್ನೋದು ಜನರ ಕಿವಿಗೆ ಬೀಳಲೇ ಇಲ್ಲ. ಹೆದರಿ ಎಷ್ಟೋ ಮಂದಿ ಮಾತ್ರೆ ನಿಲ್ಲಿಸಿಬಿಟ್ಟರು. ಮರುವರ್ಷ ಗರ್ಭಪಾತಗಳು ಸಾವಿರಗಟ್ಟಲೆ ಹೆಚ್ಚಿದವು. ವಿಚಿತ್ರ ಏನೆಂದರೆ, ಬಸಿರಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ! ತಜ್ಞರು ‘ದುಪ್ಪಟ್ಟು’ ಅಂದಾಗ ತಮ್ಮತಮ್ಮಲ್ಲಿ ಮೂಲ ಸಂಖ್ಯೆ ಗೊತ್ತಿರುತ್ತದೆ. ಓದುಗರಿಗೆ ಅದನ್ನು ಹೇಳಬೇಕಲ್ವಾ?

ಇನ್ನೊಂದು ಮಾತು. ‘ತಜ್ಞರು’ ಅಂತ ಒಂದೇ ಗುಂಪು ಮಾಡಿದ್ದೀರಿ. ಪ್ಲಾಸ್ಮಾ ಅಂದರೆ ವೈದ್ಯರಿಗೆ ರಕ್ತದ ದ್ರವ ಭಾಗ, ಭೌತವಿಜ್ಞಾನಿಗೆ ವಿದ್ಯುದಾವೇಶವಿರುವ ಕಣಗಳ ಅನಿಲ. ಖಗೋಳ ವಿಜ್ಞಾನಿಗಳಂತೂ ಹೈಡ್ರೋಜನ್, ಹೀಲಿಯಂ ಬಿಟ್ಟು ಮಿಕ್ಕಿದ್ದನ್ನೆಲ್ಲ ಲೋಹ ಅಂತಾರೆ, ಆಮ್ಲಜನಕವನ್ನೂ! (ರಸಾಯನಶಾಸ್ತ್ರದವರ ಮುಂದೆ ಹೀಗಂದರೆ ನಗುತ್ತಾರೆ.) ತಮ್ಮ ಕ್ಷೇತ್ರದಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಅವರೂ ನಮ್ಮಂಥ ಸಾಮಾನ್ಯ ಓದುಗರೇ. ಹಾಗಾಗಿ ಪದಗಳನ್ನು ಬಿಡಿಸಿ ಹೇಳಿದರೆ ಬರೀ ನಮಗಷ್ಟೇ ಅಲ್ಲ, ಪಕ್ಕದ ಪ್ರಯೋಗಾಲಯದವರಿಗೂ ಉಪಕಾರ.