ತಪ್ಪು ಕೋಚ್ ಒಬ್ಬರದ್ದೇನಾ?

2023ರ ರಗ್ಬಿ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಮುಳುಗಿದ್ದಕ್ಕೆ ಆಗಿನ ಕೋಚ್ ಎಡ್ಡಿ ಜೋನ್ಸ್ ಒಬ್ಬರೇ ಕಾರಣ ಅಂತ ಬರೆದಿದ್ದೀರಿ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ.

ಫ್ರಾನ್ಸ್‌ನ ಲಿಯಾನ್‌ನಲ್ಲಿ ವೇಲ್ಸ್ ಎದುರು 40-6ರ ಸೋಲು. ಆ ರಾತ್ರಿ ದೊಡ್ಡ ಪರದೆ ಮೇಲೆ ಜೋನ್ಸ್ ಮುಖ ಕಂಡಾಗ ಜನ 'ಬೂ' ಅಂತ ಕೂಗಿದರು. ನೋಡಿ ಹೊಟ್ಟೆ ಚುರುಕ್ ಅಂತು.

ಅವರ ತಪ್ಪು ಇಲ್ಲ ಅನ್ನುತ್ತಿಲ್ಲ. ಮೈಕಲ್ ಹೂಪರ್, ಕ್ವೇಡ್ ಕೂಪರ್ ಅಂಥ ಅನುಭವಿ ಆಟಗಾರರನ್ನು ಮನೆಯಲ್ಲೇ ಬಿಟ್ಟರು. 22ರ ಹುಡುಗ ಕಾರ್ಟರ್ ಗಾರ್ಡನ್‌ಗೆ ಆಟ ಕಟ್ಟುವವನ 10ನೇ ನಂಬರ್ ಜರ್ಸಿ ಕೊಟ್ಟು, ಫಿಜಿ ಎದುರು ಸೋತ ಮೇಲೆ ಅವನನ್ನು ಬೆಂಚಿಗೆ ಕೂರಿಸಿದರು. ಪಾಪ, ಆ ಹುಡುಗನ ಮನಸ್ಸಿಗೆ ಹೇಗಾಗಿರಬೇಡ!

ಆದರೆ ವಿಶ್ವಕಪ್‌ಗೆ ಎಂಟೇ ತಿಂಗಳಿರುವಾಗ ಹಿಂದಿನ ಕೋಚ್ ಡೇವ್ ರೆನಿಯನ್ನು ತೆಗೆದು ಜೋನ್ಸ್‌ರನ್ನು ಕರೆತಂದಿದ್ದು ಆಸ್ಟ್ರೇಲಿಯಾ ರಗ್ಬಿ ಆಡಳಿತ ಮಂಡಳಿ ಅಲ್ವಾ? ಮುಖ್ಯ ಆಟಗಾರರಾದ ವಿಲ್ ಸ್ಕೆಲ್ಟನ್, ಟನಿಯೆಲಾ ಟುಪೌ ಇಬ್ಬರೂ ಗಾಯವಾಗಿ ಹೊರಗೆ ಕೂತಿದ್ದರು. ಜೋನ್ಸ್ ಬರೀ ಸೋತವರೂ ಅಲ್ಲ: 2015ರಲ್ಲಿ ಜಪಾನ್ ತಂಡ ಬಲಿಷ್ಠ ದಕ್ಷಿಣ ಆಫ್ರಿಕಾವನ್ನು 34-32ರಿಂದ ಸೋಲಿಸಿದಾಗ ಜಪಾನ್ ಕೋಚ್ ಆಗಿದ್ದವರೂ ಇವರೇ. ವೇಲ್ಸ್ ಪಂದ್ಯ ಮುಗಿದ ಮೇಲೆ ಹೊಣೆ ತನ್ನದೇ ಅಂತ ಜೋನ್ಸ್ ಕ್ಷಮೆ ಕೇಳಿದರು. ಮಂಡಳಿ ಅಧ್ಯಕ್ಷ ಹೇಮಿಶ್ ಮೆಕ್ಲೆನನ್ ಕುರ್ಚಿ ಬಿಟ್ಟಿದ್ದು ಮಾತ್ರ 2023ರ ನವೆಂಬರ್‌ನಲ್ಲಿ, ರಾಜ್ಯ ಸಂಘಗಳು ತಿರುಗಿಬಿದ್ದ ಮೇಲೆ.