ಕಿವಿ ಅಲುಗಾಡಿದ್ರ ಎಮ್ಮಿ

ಅಕ್ಕನ ಮಗ ಬ್ಯಾಸಗಿ ರಜಾಕ್ಕ ಕಲಬುರಗಿಗಿ ಬಂದಾನ, ದಿನಾ ಮೊಬೈಲ್‌ದಾಗ ಪ್ರಾಣಿಗೋಳ ಫೈಟ್ ವಿಡಿಯೋ ನೋಡೋದೇ ಕೆಲಸ. ನಿನ್ನಿ ಊಟಕ್ಕ ಕುಂತಾಗ ಕೇಳ್ತಾನ, "ಮಾಮಾ, ಎಮ್ಮಿಗೂ ಮಸಳಿಗೂ ಜಗಳ ಹತ್ತಿದ್ರ ಯಾವುದು ಗೆಲ್ತದ?" ನಾ ರೊಟ್ಟಿ ಮುರಕೋತ ಅಂದೆ, "ಎಲ್ಲಿ ಅಳಿಯಾ, ದಂಡಿ ಮ್ಯಾಲೋ ನೀರಾಗೋ?" ಅವಂಗ ಸಿಟ್ಟು ಬಂತು, ಗೆಲ್ಲೋದಂದ್ರ ಗೆಲ್ಲೋದು, ಅದಕ್ಯಾಕ ಜಾಗ ಅಂತ.

ನನಗ ಮುತ್ಯಾ ನೆನಪಾದ. ನಮ್ಮೂರು ಅಫಜಲಪುರ ಕಡಿ, ಭೀಮಾ ಹೊಳಿ ದಂಡಿಗಿ, ಸಣ್ಣವ ಇದ್ದಾಗ ಮುತ್ಯಾನ ಜೋಡಿ ಎಮ್ಮಿ ಮೈ ತೊಳಿಲಾಕ ಹೋಗ್ತಿದ್ದೆ. ಎಮ್ಮಿ ನೀರಿಗಿಳೀತಂದ್ರ ಮುಗೀತು, ಮೂಗು, ಕಣ್ಣು, ಕಿವಿ, ಒಂದೀಟು ಕೋಡು ಅಷ್ಟೇ ಮ್ಯಾಲ. ಮಸಳಿನೂ ಹಂಗೇ, ಮೂಗು ಕಣ್ಣು ಬಿಟ್ಟು ಉಳದದ್ದೆಲ್ಲಾ ಒಳಗ. ಹೊತ್ತು ಮುಳಗೋ ಟೈಮ್‌ನಾಗ ದೂರಿಂದ ನೋಡಿದ್ರ ಎರಡೂ ಕರ್ರನ ಗಡ್ಡಿ. "ಕಿವಿ ನೋಡೋ ತಮ್ಮಾ, ಪಟಪಟ ಅಲುಗಾಡಿದ್ರ ಎಮ್ಮಿ, ಇಲ್ಲಂದ್ರ ಹಿಂದ ಸರಿ" ಅಂತಿದ್ದ ಮುತ್ಯಾ. ಮಸಳಿಗಿ ಕಿವಿ ಇಲ್ಲಂತಲ್ಲ, ಕಣ್ಣಿನ ಹಿಂದ ಸೀಳಿದಂಗ ಇರ್ತಾವ, ಮುಳಗುವಾಗ ಮುಚ್ಚಕೋತಾವ, ಆದ್ರ ನೊಣ ಹೊಡಿಲಾಕ ಏನೂ ಉಪಯೋಗಿಲ್ಲ.

ತೂಕದಾಗ ನೋಡಿದ್ರ ಎಮ್ಮಿ ಏನ್ ಕಮ್ಮಿಲ್ಲ, ಛಲೋ ಮೇಯ್ಸಿದ್ರ 400-500 ಕೆಜಿ ಆಗ್ತದ. ನಮ್ಮ ಹೊಳ್ಯಾಗಿನ ಗಂಡು ಮಸಳಿ 3-4 ಮೀಟರ್ ಬೆಳದ್ರೂ ತೂಕದಾಗ ಇದರ ಸಮ ಬರೋದು ಅಪರೂಪ. ಮಸಳಿದೆಲ್ಲಾ ಬಾಯಾಗಿನ ಬಲ, ಅದೂ ಕಚ್ಚಲಾಕಷ್ಟೇ, ತೆಗೀಲಾಕ ಬಲ ಭಾಳ ಕಮ್ಮಿ, ಅದಕ್ಕೇ ಹಿಡಿಯೋರು ಬಾಯಿಗಿ ಹಗ್ಗ ಸುತ್ತಿದ್ರ ಸಾಕು, ಬಾಯಿ ಬಂದ್. ನಮ್ಮನಿ ಎಮ್ಮಿ ಬಾಯಿ ಹಂಗ ಬಂದ್ ಮಾಡಿ ತೋರಸ್ರಿ ನೋಡಮು! ಕಣಕಿ, ತೊಗರಿ ಹೊಟ್ಟು, ಹಿಂಡಿ ಎಲ್ಲಾ ಮುಗಿಸಿ ಮಲಗಿದ ಮ್ಯಾಲೂ ಮೆಲುಕು ನಡದೇ ಇರ್ತದ, ಅದೂ ಮ್ಯಾಲಿನ ಮುಂಭಾಗಕ್ಕ ಒಂದು ಹಲ್ಲೂ ಇಲ್ಲದ ಬಾಯಾಗ. ಆ ಕಡಿ ಮಸಳಿಗಿ ಬಾಯಿ ತುಂಬ ಹಲ್ಲು, ಉದರಿದ್ರ ಮತ್ತ ಹೊಸಾವು ಬರ್ತಾವ, ಆದ್ರ ಅಗಿಲಾಕೇ ಬರಂಗಿಲ್ಲ, ಹರದು ನುಂಗೋದು. ಹಲ್ಲಿದ್ರ ಕಡ್ಲಿ ಇಲ್ಲ, ಕಡ್ಲಿ ಇದ್ರ ಹಲ್ಲಿಲ್ಲ ಅಂತಾರಲ್ಲ, ಹಂಗಾತು ನೋಡ್ರಿ. ಮ್ಯಾಲ ಒಂದು ಸಲ ಹೊಟ್ಟಿ ತುಂಬ ತಿಂದ್ರ ವಾರಗಟ್ಲೆ ಸುಮ್ಮನ ಇರ್ತದ, ತಣ್ಣನ ರಕ್ತದ ಪ್ರಾಣಿ, ಮೈ ಬೆಚ್ಚಗ ಇಡಲಾಕ ಖರ್ಚಿಲ್ಲ. ಹಿಂಡಿ ರೇಟ್ ಏರಿದಾಗೊಮ್ಮೆ ಅವ್ವ ಇದನ್ನ ಕೇಳಿದ್ರ ಮಸಳಿನೇ ಕಟ್ಟು ಅಂದಾಳು, ಹಾಲಿನ ವಿಚಾರ ಬಿಟ್ರ.

ನನಗ ಬ್ಯಾಸರಾಗೋದು ಬ್ಯಾರೆ. ಮೇ ತಿಂಗಳ ಉರಿಬಿಸಲಾಗ ಎಮ್ಮಿ ಕೆಸರಾಗ ಮಲಗಿದ್ರ "ಎಮ್ಮಿ ಬಿದ್ದಂಗ ಬಿದ್ದಾನ" ಅಂತ ನಮಗ ಬೈತಾರ, ಪಾಪ ಅದಕ್ಕ ಕರೆ ತೊಗಲು, ಬೆವರೋದು ಕಮ್ಮಿ, ನೀರು ಬಿಟ್ರ ಗತಿ ಇಲ್ಲ. ಅದೇ ಮಸಳಿ ಉಸುಕಿನ ಮ್ಯಾಲ ಬಾಯಿ ತಕ್ಕೊಂಡು ತಾಸುಗಟ್ಲೆ ಬಿದ್ದಿರ್ತದ, ಅದೂ ಸೆಕಿ ತಡಕೊಳ್ಳಾಕೇ, ಆದ್ರ ಅದಕ್ಕ ಯಾರೂ ಸೋಂಬೇರಿ ಅನ್ನಂಗಿಲ್ಲ, ಹೊಂಚು ಹಾಕ್ಯಾದ ಅಂತಾರ. ಹಲ್ಲಿದ್ದವ್ರಿಗಿ ಮರ್ಯಾದಿ.

ಸಂಜಿಗಿ ಅಳಿಯನ್ನ ಕರಕೊಂಡು ಓಣ್ಯಾಗಿನ ಹಾಲಿನವರ ಕೊಟ್ಟಿಗಿಗಿ ಹೋದೆ. ಹುಡುಗ ಒಂದು ಮುರ್ರಾ ಎಮ್ಮಿ ಮುಂದ ಭಾಳೊತ್ತು ನಿಂತ, ಅದು ಇವನ ಮಾರಿ ನೋಡಕೋತ ಮೆಲುಕು ಹಾಕ್ತು, ಕಿವಿ ಅಲುಗಾಡಿಸ್ತು. "ಮಾಮಾ, ಇದು ಫೈಟ್ ಯಾವಾಗ ಮಾಡ್ತದ?" ಅಂದ. ಅಷ್ಟರಾಗ ಪಕ್ಕದ ಎಮ್ಮಿ ಬಾಲ ಎತ್ತಿತು, ಇಬ್ರೂ ಹಿಂದ ಸರದ್ವಿ.