ಪೇಪರಿನ ಕಾರ್ಟೂನು ನೋಡಿ ಪೆನ್ಸಿಲ್ ಹಿಡಿಯುವವರಿಗೆ

ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಪೇಪರಿನಲ್ಲಿ ಬರುತ್ತಿದ್ದ ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಕಾರ್ಟೂನುಗಳನ್ನು ಕಣ್ಣು ಕೀಲಿಸಿ ನೋಡುತ್ತಿದ್ದರು. ಸಹಿ ಸರಿಯಾಗಿ ತಿಳಿಯದೆ 'ಲೋ' (Low) ಎಂಬುದನ್ನು 'ಕೌ' (Cow) ಅಂದುಕೊಂಡಿದ್ದರು. ಗುರುವಿನ ಹೆಸರೇ ಗೊತ್ತಿಲ್ಲ, ಪಾಠ ಮಾತ್ರ ನಡೆದೇ ಇತ್ತು!

ಆ ಪಾಠ ಚಿತ್ರದ ಯಾವ ಮೂಲೆಯಲ್ಲಿತ್ತು? ಹೊಸಬರು ಸಾಮಾನ್ಯವಾಗಿ ಬ್ರಷ್ಷಿನ ಬೀಸು, ಅಡ್ಡಗೆರೆಗಳ ಹೆಣಿಗೆ, ಸಹಿಯ ಬಾಲ ಇಷ್ಟನ್ನೇ ನಕಲು ಹೊಡೆಯುತ್ತಾರೆ. ನೋಡಬೇಕಾದದ್ದು ಕಲಾವಿದ ಏನೇನು ಬಿಟ್ಟಿದ್ದಾನೆ ಅನ್ನುವುದನ್ನು.

1939ರ ಸೆಪ್ಟೆಂಬರ್ 17ರಂದು, ಹಿಟ್ಲರನ ಸೇನೆಯ ಬೆನ್ನಿಗೇ, ಸ್ಟಾಲಿನ್‌ನ ಸೋವಿಯತ್ ಸೇನೆಯೂ ಪೋಲೆಂಡಿಗೆ ನುಗ್ಗಿತು. ಮೂರೇ ದಿನಕ್ಕೆ, 20ರಂದು, ಲೋ ಅವರ ಕಾರ್ಟೂನು ಬಂತು. ಹಿಟ್ಲರ್, ಸ್ಟಾಲಿನ್ ಎದುರುಬದುರು ನಿಂತು ಟೋಪಿ ಎತ್ತಿ ಬಾಗುತ್ತಿದ್ದಾರೆ. ನಡುವೆ ನೆಲದ ಮೇಲೆ ಒಂದು ಹೆಣ. ಬಾಯಲ್ಲಿ ಬೈಗುಳ, ಮೈಯಲ್ಲಿ ಮರ್ಯಾದೆ. ಅವರ ಮಾತುಗಳನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ: ಆ ಬಾಗಿದ ಬೆನ್ನುಗಳೇ ಅರ್ಧ ಕಥೆ ಹೇಳಿಬಿಡುತ್ತವೆ. ನೂರು ಟ್ಯಾಂಕು ಬರೆಯಬಹುದಿತ್ತು. ಒಂದು ಹೆಣ ಸಾಕೆಂದರು.

ಇದನ್ನು ಕೈಗೆ ಇಳಿಸಿಕೊಳ್ಳಲು ಒಂದು ಅಭ್ಯಾಸವಿದೆ. ಕಾರ್ಟೂನನ್ನು ಎರಡು ನಿಮಿಷ ನೋಡಿ, ಮುಚ್ಚಿಡಿ. 5×7 ಸೆಂ.ಮೀ. ಚೌಕಟ್ಟಿನಲ್ಲಿ ನೆನಪಿನಿಂದಲೇ ಬರೆಯಿರಿ; ಮೂಗು ಕಣ್ಣು ಬೇಡ, ಕಪ್ಪು ಎಲ್ಲಿ, ಬಿಳಿ ಎಲ್ಲಿ, ಯಾರು ಯಾರ ಕಡೆ ವಾಲಿದ್ದಾರೆ ಅಷ್ಟೇ. ಪಕ್ಕಕ್ಕೆ ಇಟ್ಟು ಹೋಲಿಸಿದರೆ ನೀವು ನೋಡದೆ ಬಿಟ್ಟದ್ದು ತಾನೇ ಕಾಣುತ್ತದೆ.

ಸ್ವಂತದ್ದಕ್ಕೆ ಕೂತಾಗ ಸುದ್ದಿಯನ್ನು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ವಾಕ್ಯದಲ್ಲಿ 'ಮತ್ತು' ಎರಡು ಸಲ ಬಂದರೆ ಅಲ್ಲಿ ಎರಡು ಕಾರ್ಟೂನು ಇದೆ. ಹತ್ತು ಚಿಕ್ಕ ಕರಡು ಮಾಡಿ, ಮೊದಲ ಮೂರನ್ನು ಎಸೆಯಿರಿ. ತಕ್ಕಡಿ, ಚದುರಂಗ, ಮುಳುಗುವ ಹಡಗು ಎಲ್ಲರ ತಲೆಗೂ ಮೊದಲು ಬರುವಂಥವು. ಪ್ರತಿ ವಸ್ತುವಿಗೂ ಹೆಸರಿನ ಚೀಟಿ ಅಂಟಿಸಬೇಕಾಗಿ ಬಂದರೆ ರೂಪಕ ಕೂತಿಲ್ಲ ಎಂದೇ ಲೆಕ್ಕ.

ಮುಖದ ವಿಷಯಕ್ಕೆ ಬಂದರೆ, ಮೂಗಿನಿಂದ ಶುರು ಮಾಡಬೇಡಿ. ತಲೆಯ ಹೊರಗೆರೆಯಿಂದ ಹೊರಡಿ. 1831ರಲ್ಲಿ ವ್ಯಂಗ್ಯಚಿತ್ರಕಾರ ಶಾರ್ಲ್ ಫಿಲಿಪೋನ್ ಫ್ರಾನ್ಸಿನ ರಾಜ ಲೂಯಿ ಫಿಲಿಪ್‌ನ ಮುಖವನ್ನು ನಾಲ್ಕೇ ಹೆಜ್ಜೆಯಲ್ಲಿ ಪಿಯರ್ ಹಣ್ಣು ಮಾಡಿದ. ಚಿತ್ರ ಬರೆಯಲು ಬಾರದವರೂ ಅದನ್ನು ಗೋಡೆ ಮೇಲೆ ಗೀಚಬಹುದಿತ್ತು, ಗೀಚಿದರು ಕೂಡ. (ಅದೇ ರಾಜನನ್ನು ಹೊಟ್ಟೆಬಾಕನಾಗಿ ಬರೆದ ಚಿತ್ರಕಾರ ದೋಮಿಯೆ 1832ರಲ್ಲಿ ಜೈಲು ಕಂಡ.)

ಇಂಕು ಹಾಕಿದ ಮೇಲೆ ಚಿತ್ರ ಸತ್ತಂತೆ ಕಾಣುವುದು ಎಲ್ಲರ ಗೋಳು. ಪೆನ್ಸಿಲ್ ಗೆರೆಯ ಮೇಲೆ ಹೆದರಿ ಹೆದರಿ ತಿದ್ದುವುದರಿಂದ ಹಾಗಾಗುತ್ತದೆ. ಪೆನ್ಸಿಲನ್ನು ಅರ್ಧಕ್ಕೇ ನಿಲ್ಲಿಸಿ. ಉಳಿದದ್ದನ್ನು ಬ್ರಷ್ಷೇ ನಿರ್ಧರಿಸಲಿ. ಇಂಕು ಪೂರ್ತಿ ಒಣಗುವ ತನಕ ರಬ್ಬರು ಮುಟ್ಟಬೇಡಿ. ಅಚ್ಚಾಗುವ ಅಳತೆಯ ಎರಡರಷ್ಟು ದೊಡ್ಡದಾಗಿ ಬರೆಯುತ್ತಿದ್ದರೆ, 1 ಮಿ.ಮೀ. ಅಂತರದ ಅಡ್ಡಗೆರೆಗಳು ಅಚ್ಚಿನಲ್ಲಿ ಅರ್ಧಕ್ಕೆ ಇಳಿಯುತ್ತವೆ. ನ್ಯೂಸ್‌ಪ್ರಿಂಟಿನಲ್ಲಿ ಮಸಿ ಹರಡಿದರೆ ಒಂದೇ ಕಪ್ಪು ಮುದ್ದೆ ಆಗಬಹುದು. ಫೋನಿನಲ್ಲಿ 5 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ ಮೊದಲೇ ನೋಡಿಬಿಡಿ.

ಸಹಿ ಕೊನೆಗೆ, ಮೂಲೆಯಲ್ಲಿ, ಚಿಕ್ಕದಾಗಿ. ಆದರೆ ಓದಲು ಬರುವ ಹಾಗೆ. ಇಲ್ಲವಾದರೆ ಎಲ್ಲೋ ಒಬ್ಬ ಹುಡುಗನಿಗೆ ನೀವೂ 'ಕೌ'.